ಊರಿನ ಬೊಕ್ಕಸವೂ ಊರಿನ ಕಲೆಯೂ

ಕಲೆಯನ್ನು ಸಾಕುವವರು ಯಾರು? ಈ ಪ್ರಶ್ನೆಗೆ ನಮ್ಮ ಹಿರಿಯರು ತಡವರಿಸದೆ ಉತ್ತರ ಕೊಡುತ್ತಿದ್ದರು: ಅರಸು, ದೇವಸ್ಥಾನ, ಊರಿನ ಧಣಿ. ವೀಣೆ ಶೇಷಣ್ಣನವರಂಥ ವಿದ್ವಾಂಸರಿಗೆ ಮೈಸೂರು ಅರಮನೆಯ ಆಶ್ರಯವಿದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ ಅದೇ ಅರಮನೆಯಲ್ಲಿ ನಮ್ಮ ದೇಶದ ವಾದ್ಯಮೇಳದ ಜೊತೆಗೆ ಪಾಶ್ಚಾತ್ಯ ವಾದ್ಯಮೇಳವೂ ಸಂಬಳ ಪಡೆದು ನುಡಿಸುತ್ತಿದ್ದಿತು. ಅರಸನ ಮನಸ್ಸು ಒಲಿದರೆ ಕಲೆಗಾರನ ಮನೆಯ ಒಲೆ ಉರಿಯುತ್ತಿದ್ದಿತು. ಅರಸೊತ್ತಿಗೆಗಳು ಹೋದ ಮೇಲೆ ಆ ಉತ್ತರ ಹಳೆಯದಾಯಿತು. ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ಈ ಹೊರೆಯನ್ನು ಹೊರಬಲ್ಲ ಸಂಸ್ಥೆಗಳಲ್ಲಿ ನಮಗೆ ಅತ್ಯಂತ ಸಮೀಪವಾದದ್ದು ನಗರಸಭೆ. ಅದನ್ನು ನಾವು ಬಲ್ಲುದು ನಲ್ಲಿಯ ನೀರಿನಿಂದ, ಬೀದಿಯ ದೀಪದಿಂದ, ಕಂದಾಯದ ಚೀಟಿಯಿಂದ. ಅದು ಹಾಡುಗಾರನಿಗೂ ನಟನಿಗೂ ಚಿತ್ರಕಾರನಿಗೂ ಹಣ ಕೊಡಬೇಕೆಂದು ಯಾರಾದರೂ ಹೇಳಿದರೆ, "ಚರಂಡಿಯ ದುರಸ್ತಿಗೇ ಹಣವಿಲ್ಲದಿರುವಾಗ ಪಿಟೀಲಿಗೆ ಹಣವೆ?" ಎಂಬ ಪ್ರತಿಪ್ರಶ್ನೆ ಕೂಡಲೇ ಏಳುತ್ತದೆ. ಇದು ತಳ್ಳಿಹಾಕತಕ್ಕ ಮಾತಲ್ಲ. ತೆರಿಗೆ ಕೊಡುವ ಪ್ರತಿಯೊಬ್ಬ ಗೃಹಸ್ಥನೂ ಕೇಳಬೇಕಾದ ಮಾತೇ ಸರಿ. ಇದಕ್ಕೆ ಉತ್ತರವನ್ನು ತರ್ಕದಿಂದ ಹುಡುಕುವುದಕ್ಕಿಂತ, ನೂರು ವರ್ಷಕ್ಕೂ ಮಿಕ್ಕು ಹಾಗೆ ಹಣ ಕೊಟ್ಟು, ಕೊನೆಗೆ ಕೊಡುವುದನ್ನು ನಿಲ್ಲಿಸಿದ ಒಂದು ಊರಿನ ಕಥೆಯಿಂದ ಹುಡುಕುವುದು ಮೇಲು. ಆ ಊರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ.

ಬರ್ಮಿಂಗ್‌ಹ್ಯಾಂ ಕೈಕಸಬಿನ ಪಟ್ಟಣ. ಗುಂಡಿ, ಬಂದೂಕು, ಲೇಖನಿಯ ಮುಳ್ಳು ಮುಂತಾದ ಲೋಹದ ಸಾಮಾನುಗಳಿಗೆ ಅದು ಹೆಸರಾಗಿದ್ದಿತು. ೧೮೭೩ರಿಂದ ೧೮೭೬ರ ವರೆಗೆ ಅಲ್ಲಿ ಮೇಯರಾಗಿದ್ದ ಜೋಸೆಫ್ ಚೇಂಬರ್ಲೇನನು ಖಾಸಗಿಯವರ ಕೈಯಲ್ಲಿದ್ದ ದೀಪದ ಅನಿಲ ಮತ್ತು ಕುಡಿಯುವ ನೀರಿನ ಉದ್ಯಮಗಳನ್ನು ನಗರಸಭೆಯ ವಶಕ್ಕೆ ತಂದನು. ಅನಿಲದಿಂದ ಲಾಭ ಬಂದಿತು. ಚಿತ್ರಶಾಲೆಗೆಂದು ಜನರ ಮೇಲೆ ಹಾಕಬಹುದಾದ ತೆರಿಗೆಗೆ ಆಗಿನ ಕಾನೂನು ಬಿಗಿಯಾದ ಮಿತಿಯನ್ನು ಕಟ್ಟಿದ್ದುದರಿಂದ, ಅನಿಲದ ಇಲಾಖೆಯವರು ತಮ್ಮ ಹೊಸ ಕಚೇರಿಯ ಮೇಲೆಯೇ ಚಿತ್ರಶಾಲೆಯನ್ನು ಕಟ್ಟಿಸಿಕೊಟ್ಟರು. ೧೮೮೫ರಲ್ಲಿ ತೆರೆದ ಆ ಕಟ್ಟಡದಲ್ಲಿ, ಉದ್ಯಮದ ಲಾಭದಿಂದ ಕಲೆಯನ್ನು ಬೆಳೆಸುತ್ತೇವೆಂಬ ಅರ್ಥದ ಶಾಸನವನ್ನು ಕೆತ್ತಿಸಿದರು. ಚರಂಡಿಯನ್ನೂ ಚಿತ್ರವನ್ನೂ ಒಂದಕ್ಕೊಂದು ಶತ್ರುವೆಂದು ಆ ಜನ ಭಾವಿಸಲಿಲ್ಲ. ಊರನ್ನು ಚೊಕ್ಕಟ ಮಾಡಿದ ಕೈಗಳೇ ಊರಿಗೆ ಚಿತ್ರಗಳನ್ನೂ ತಂದುವು.

ಸಂಗೀತದ ಕಥೆ ಇನ್ನೂ ಹಳೆಯದು. ಊರಿನ ಆಸ್ಪತ್ರೆಗೆ ಹಣ ಕೂಡಿಸಲೆಂದು ೧೭೬೮ರಲ್ಲಿ ಅಲ್ಲಿ ಒಂದು ಸಂಗೀತೋತ್ಸವ ಮೊದಲಾಯಿತು. ಮುಂದೆ ಅದು ಮೂರು ವರ್ಷಗಳಿಗೊಮ್ಮೆ ನಡೆಯುವ ಪದ್ಧತಿ ಬಂದಿತು. ಮೆಂಡೆಲ್‌ಸನ್ನನ 'ಎಲೈಜಾ' ಎಂಬ ಮಹಾಕೃತಿಯನ್ನು ಲೋಕ ಮೊದಲು ಕೇಳಿದ್ದು ೧೮೪೬ರಲ್ಲಿ, ಆ ಊರಿನ ಪುರಭವನದಲ್ಲಿ. ಆದರೆ ಉತ್ಸವವೆಂಬುದು ಜಾತ್ರೆಯ ತೇರಿನಂತೆ. ಅದು ಬೀದಿಗೆ ಬಂದ ದಿನ ಊರೆಲ್ಲ ಬೆಳಕು; ಮರುದಿನ ತೇರು ಕೊಟ್ಟಿಗೆಗೆ, ಜನ ಮನೆಗೆ. ೧೯೧೨ರ ಉತ್ಸವವೇ ಕೊನೆಯದಾಯಿತು. ಎರಡು ವರ್ಷಗಳಲ್ಲಿ ಮಹಾಯುದ್ಧ ಬಂದಿತು.

ಆ ಯುದ್ಧದ ನಡುವೆ, ೧೯೧೬ರಲ್ಲಿ, ಲಾರ್ಡ್ ಮೇಯರಾಗಿದ್ದ ನೆವಿಲ್ ಚೇಂಬರ್ಲೇನನು ಒಂದು ಮಾತನ್ನು ಹೊರಗಿಟ್ಟನು. ಈತ ಜೋಸೆಫನ ಮಗ; ಮುಂದೆ ೧೯೩೭ರಲ್ಲಿ ಪ್ರಧಾನಮಂತ್ರಿಯಾದವನು. ಊರಿಗೆ ತನ್ನದೇ ಆದ ಉತ್ತಮ ವಾದ್ಯವೃಂದವಿರಬೇಕು, ಅದಕ್ಕೆ ಊರಿನ ತೆರಿಗೆಯಿಂದ ಸಹಾಯ ಸಲ್ಲಬೇಕು ಎಂಬುದೇ ಆ ಮಾತು. ಯುದ್ಧ ಮುಗಿದ ಮೇಲೆ, ೧೯೧೯ರಲ್ಲಿ, ವರ್ಷಕ್ಕೆ ೧,೨೫೦ ಪೌಂಡು ಕೊಡಲು ನಗರಸಭೆ ಒಪ್ಪಿತು. ೧೯೨೦ರಲ್ಲಿ ಬರ್ಮಿಂಗ್‌ಹ್ಯಾಂ ನಗರ ವಾದ್ಯವೃಂದವು ನುಡಿಸಲಾರಂಭಿಸಿತು. ಆ ವರ್ಷದ ನವೆಂಬರಿನಲ್ಲಿ ಸುಪ್ರಸಿದ್ಧ ವಾಗ್ಗೇಯಕಾರನಾದ ಎಲ್ಗರನು ತಾನೇ ನಿಂತು ತನ್ನ ಕೃತಿಗಳನ್ನು ನುಡಿಸಿದನು.

ಊರ ಹಣದಿಂದ ವಾದ್ಯಗಾರರನ್ನಿಟ್ಟದ್ದು ಇಂಗ್ಲೆಂಡಿನಲ್ಲಿ ಇದೇ ಮೊದಲಲ್ಲ. ಕಡಲತೀರದ ಬೋರ್ನ್‌ಮತ್ ಪಟ್ಟಣವು ೧೮೯೩ರಲ್ಲಿಯೇ ಡ್ಯಾನ್ ಗಾಡ್‌ಫ್ರೆ ಎಂಬವನ ನಾಯಕತ್ವದಲ್ಲಿ ಹೀಗೆ ಮಾಡಿದ್ದಿತು. ಆದರೆ ಬೋರ್ನ್‌ಮತ್ತು ಗಾಳಿ ಬದಲಾವಣೆಗೆ ಜನ ಬಂದು ಇಳಿಯುವ ಊರು. ಬಂದ ಅತಿಥಿಗಳನ್ನು ರಂಜಿಸುವುದು ಅದಕ್ಕೆ ಜೀವನೋಪಾಯವಾಗಿದ್ದಿತು. ಕಾರ್ಖಾನೆಯ ಊರೊಂದು ದುಡಿದು ದಣಿದ ತನ್ನ ಜನಕ್ಕಾಗಿಯೇ ಹೀಗೆ ಮಾಡಿದ್ದು ಬೇರೆ ಬಗೆಯ ಕೆಲಸ.

೧,೨೫೦ ಪೌಂಡು ದೊಡ್ಡ ಮೊತ್ತವೆ? ಆಗ ಆ ಊರಿನಲ್ಲಿ ಒಂಬತ್ತು ಲಕ್ಷಕ್ಕೆ ಮೀರಿದ ಜನರಿದ್ದರು. ಪೌಂಡಿಗೆ ೨೪೦ ಪೆನ್ನಿಯ ಲೆಕ್ಕದಲ್ಲಿ ಹಂಚಿದರೆ ತಲೆಗೆ ವರ್ಷಕ್ಕೆ ಸುಮಾರು ಪೆನ್ನಿಯ ಮೂರನೆಯ ಒಂದು ಪಾಲು ಮಾತ್ರ ಬೀಳುತ್ತದೆ. ಹನಿಗೂಡಿದರೆ ಹಳ್ಳವೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಒಬ್ಬನಿಗೆ ಗೊತ್ತೇ ಆಗದ ಕಾಸು, ಎಲ್ಲರದೂ ಸೇರಿದಾಗ ಒಂದು ಸಂಸ್ಥೆಯನ್ನು ಹುಟ್ಟಿಸಿತು.

ಇಲ್ಲಿ ವಾಚಕರು ಕೇಳಬಹುದು: ಸಂಗೀತ ಬೇಕಾದವರು ಟಿಕೆಟು ಕೊಂಡು ಕೇಳಲಿ, ಬೇಡದವನಿಂದಲೂ ಕಾಸು ಕೀಳುವುದೇಕೆ? ಇದಕ್ಕೆ ಅಮೆರಿಕದ ಅರ್ಥಶಾಸ್ತ್ರಜ್ಞರಾದ ಬಾಮಲ್ ಮತ್ತು ಬೋವೆನ್ ಎಂಬವರು ೧೯೬೬ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಉತ್ತರವಿದೆ. ಅದರ ಸಾರವಿಷ್ಟು. ಮಗ್ಗದ ಕಾಲದಲ್ಲಿ ಒಬ್ಬನು ದಿನಕ್ಕೆ ನೇಯುತ್ತಿದ್ದ ಬಟ್ಟೆಗಿಂತ ಎಷ್ಟೋ ಪಾಲು ಹೆಚ್ಚು ಬಟ್ಟೆಯನ್ನು ಗಿರಣಿಯ ಕಾಲದಲ್ಲಿ ಒಬ್ಬನು ತೆಗೆಯುತ್ತಾನೆ. ಆದಕಾರಣ ಅವನ ಕೂಲಿ ಏರಿದರೂ ಬಟ್ಟೆಯ ಬೆಲೆ ಅದೇ ಮಟ್ಟಿಗೆ ಏರಬೇಕಾಗಿಲ್ಲ. ನಾಲ್ವರು ನುಡಿಸಬೇಕಾದ ಅರ್ಧ ಗಂಟೆಯ ಕೃತಿಗಾದರೋ ಇನ್ನೂರು ವರ್ಷದ ಹಿಂದೆಯೂ ನಾಲ್ವರೇ, ಅರ್ಧ ಗಂಟೆಯೇ. ಇಂದೂ ನಾಲ್ವರೇ, ಅರ್ಧ ಗಂಟೆಯೇ. ಮೂವರಿಂದ ನುಡಿಸಿದರೆ ಅದು ಆ ಕೃತಿಯಲ್ಲ. ಕಾಲು ಗಂಟೆಯಲ್ಲಿ ಮುಗಿಸಿದರೆ ಅದು ಸಂಗೀತವಲ್ಲ. ಅಕ್ಕಿಬೇಳೆಯ ಬೆಲೆ ಏರಿದಂತೆ ವಾದ್ಯಗಾರನ ಸಂಬಳವೂ ಏರಲೇಬೇಕು. ಹೀಗಾಗಿ ಖರ್ಚು ವರ್ಷವರ್ಷಕ್ಕೂ ಬೆಳೆಯುತ್ತದೆ, ಉತ್ಪತ್ತಿ ಇದ್ದಲ್ಲಿಯೇ ನಿಲ್ಲುತ್ತದೆ. ಇಡೀ ಅಂತರವನ್ನು ಟಿಕೆಟಿನ ಬೆಲೆಯಿಂದಲೇ ತುಂಬಹೊರಟರೆ ಸಂಗೀತವು ಸಿರಿವಂತರ ಸೊತ್ತಾಗುತ್ತದೆ. ತುಂಬದೆ ಬಿಟ್ಟರೆ ವಾದ್ಯಗಾರನು ಬೇರೆ ಕೆಲಸ ಹುಡುಕುತ್ತಾನೆ. ನಗರಸಭೆಯ ಧನಸಹಾಯವೆಂಬುದು ಈ ಅಂತರಕ್ಕೆ ಹಾಕಿದ ಸೇತುವೆ. ಅದು ಕಲೆಗಾರನ ಸಂಬಳವೂ ಅಲ್ಲ, ಅವನಿಗೆ ಹಾಕುವ ಭಿಕ್ಷೆಯೂ ಅಲ್ಲ.

ಉದಾರಿಯಾದ ಒಬ್ಬ ಧನಿಕನೇ ಈ ಸೇತುವೆಯನ್ನು ಕಟ್ಟಬಾರದೆ ಎಂದರೆ, ಅದಕ್ಕೂ ಬರ್ಮಿಂಗ್‌ಹ್ಯಾಮಿನಲ್ಲಿಯೇ ನಿದರ್ಶನವಿದೆ. ಬ್ಯಾರಿ ಜಾಕ್ಸನ್ ಎಂಬ ಸಿರಿವಂತನು ೧೯೧೩ರಲ್ಲಿ ತನ್ನ ಸ್ವಂತ ಹಣದಿಂದ ಅಲ್ಲಿ ಒಂದು ನಾಟಕಶಾಲೆಯನ್ನು ಕಟ್ಟಿಸಿದನು. ಉತ್ತಮ ನಾಟಕಗಳನ್ನು ಆಡಿಸುತ್ತ, ವರ್ಷಗಟ್ಟಲೆ ಕೈಯಿಂದ ಹಣ ಸುರಿದನು. ಆದರೆ ಒಂದೇ ಬಾವಿಯಿಂದ ಊರಿಗೆಲ್ಲ ಎಷ್ಟು ದಿನ ನೀರೆರೆಯಲಾದೀತು? ೧೯೩೫ರಲ್ಲಿ ಅವನು ಆ ನಾಟಕಶಾಲೆಯನ್ನು ಊರಿನ ಒಂದು ಧರ್ಮದರ್ಶಿ ಮಂಡಲಿಗೆ ಒಪ್ಪಿಸಿಬಿಟ್ಟನು. ಧನಿಕನ ಔದಾರ್ಯ ದೊಡ್ಡದು. ಆದರೆ ಅದಕ್ಕೆ ಅವನ ಆಸ್ತಿಯೂ ಆಯುಸ್ಸೂ ಎಲ್ಲೆ. ಊರಿಗೆ ಆ ಎಲ್ಲೆಯಿಲ್ಲ.

ನಗರಸಭೆಯ ಹಣ ನಿಯಮವಾಗಿ ಬರುತ್ತಿದ್ದುದರಿಂದ ವಾದ್ಯವೃಂದವು ನಾಳಿನ ಯೋಚನೆಯನ್ನು ಮಾಡಬಲ್ಲುದಾಯಿತು. ಆಡ್ರಿಯನ್ ಬೋಲ್ಟ್ ಎಂಬ ಸಂಗೀತನಾಯಕನು ೧೯೨೪ರಿಂದ ೧೯೩೦ರ ವರೆಗೆ ಅದನ್ನು ನಡಸಿದನು. ೧೯೪೪ರಲ್ಲಿ ವಾದ್ಯಗಾರರು ವರ್ಷವಿಡೀ ಸಂಬಳ ಪಡೆಯುವ ಕಾಯಂ ನೌಕರರಾದರು. ಊರಿನ ವಿದ್ಯಾಶಾಖೆಯವರೂ ಅದಕ್ಕೆ ಹಣ ಕೊಟ್ಟು, ಶಾಲೆಯ ಮಕ್ಕಳಿಗೆ ಸಂಗೀತ ಕೇಳಿಸುವ ಏರ್ಪಾಡು ಮಾಡಿದರು. ೧೯೮೦ರಲ್ಲಿ ಸೈಮನ್ ರ‍್ಯಾಟ್ಲ್ ಎಂಬ ಎಳೆಯನು ನಾಯಕನಾಗಿ ಬಂದು ೧೯೯೮ರ ವರೆಗೂ ಇದ್ದನು. ಅವನ ಕಾಲದಲ್ಲಿ ಆ ವೃಂದದ ಕೀರ್ತಿ ಹೊರದೇಶಗಳಿಗೂ ಹಬ್ಬಿತು. ೧೯೯೧ರಲ್ಲಿ ಸಿಂಫನಿ ಹಾಲ್ ಎಂಬ ಭವ್ಯವಾದ ಸಂಗೀತಶಾಲೆಯೂ ಎದ್ದಿತು. ಪೆನ್ನಿಯ ಮೂರನೆಯ ಪಾಲಿನಿಂದ ಹುಟ್ಟಿದ ಸಸಿ ಎಪ್ಪತ್ತು ವರ್ಷಗಳಲ್ಲಿ ಇಷ್ಟು ಬೆಳೆಯಿತು.

ಈಗ ಕಾನೂನಿನ ಕಡೆಗೆ ಸ್ವಲ್ಪ ನೋಡೋಣ. ಮುಂದಿನ ಸಂಕಟದ ಬೇರು ಅಲ್ಲಿಯೇ ಇದೆ. ಊರಿನ ಸಭೆಗಳು ಸಂಗೀತ ನಾಟಕಾದಿಗಳಿಗೆ ಹಣ ವೆಚ್ಚ ಮಾಡಬಹುದೆಂದು ಬ್ರಿಟಿಷ್ ಪಾರ್ಲಿಮೆಂಟು ೧೯೪೮ರ ಸ್ಥಳೀಯ ಆಡಳಿತ ಶಾಸನದಲ್ಲಿ ಸ್ಪಷ್ಟವಾಗಿ ವಿಧಿಸಿತು. ಪೌಂಡಿಗೆ ಆರು ಪೆನ್ನಿಯ ತೆರಿಗೆಯಿಂದ ಬರುವಷ್ಟು, ಎಂದರೆ ತೆರಿಗೆಗೆ ಆಧಾರವಾದ ಮೌಲ್ಯದ ನಲವತ್ತನೆಯ ಒಂದು ಪಾಲಿನ ವರೆಗೆ, ಖರ್ಚು ಮಾಡಬಹುದಾಗಿದ್ದಿತು. ಶಾಸನದ ಮಾತು "ಮಾಡಬಹುದು" ಎಂದೇ ಹೊರತು "ಮಾಡತಕ್ಕದ್ದು" ಎಂದಲ್ಲ. ೧೯೬೪ರಲ್ಲಿ ಪುಸ್ತಕಭಂಡಾರಗಳ ವಿಷಯವಾಗಿ ಬಂದ ಶಾಸನವಾದರೋ, ಜನರಿಗೆ ಸಮರ್ಪಕವಾದ ಪುಸ್ತಕಭಂಡಾರವನ್ನು ಒದಗಿಸುವುದು ಸ್ಥಳೀಯ ಸಭೆಯ ಕರ್ತವ್ಯವೆಂದು ಕಟ್ಟುಮಾಡಿತು. ಸುಭಿಕ್ಷದ ಕಾಲದಲ್ಲಿ ಈ ಎರಡು ಕ್ರಿಯಾಪದಗಳ ಭೇದ ಯಾರ ಕಣ್ಣಿಗೂ ಬೀಳುವುದಿಲ್ಲ. ಬರಗಾಲದಲ್ಲಿ ಬದುಕುವುದು ಯಾವುದು, ಬೀಳುವುದು ಯಾವುದು ಎಂಬುದನ್ನು ಆ ಭೇದವೇ ತೀರ್ಮಾನಿಸುತ್ತದೆ.

ಆ ಬರಗಾಲ ೨೦೨೩ರಲ್ಲಿ ಬಂದಿತು. ಬರ್ಮಿಂಗ್‌ಹ್ಯಾಂ ನಗರಸಭೆಯಲ್ಲಿ ಅಡಿಗೆ, ಶುಚಿಕಾರ್ಯ, ಆರೈಕೆ ಮುಂತಾದ ಕೆಲಸಗಳನ್ನು ಮಾಡುತ್ತಿದ್ದ ಹೆಂಗಸರಿಗೆ, ಸಮಾನವಾದ ಕೆಲಸಕ್ಕೆ ಗಂಡಸರಿಗೆ ಸಿಕ್ಕುತ್ತಿದ್ದ ಪ್ರತಿಫಲ ಬಹುಕಾಲ ಸಿಕ್ಕಿರಲಿಲ್ಲ. ಅವರಿಗೆ ಸಲ್ಲಬೇಕಾದ ಬಾಕಿಯ ಹೊರೆ ಕೋಟಿಗಟ್ಟಲೆ ಪೌಂಡುಗಳಾಗಿ ಬೆಳೆದಿದ್ದಿತು. ಲೆಕ್ಕಪತ್ರಕ್ಕೆಂದು ತಂದ ಹೊಸ ಗಣಕಯಂತ್ರದ ವ್ಯವಸ್ಥೆ ಸರಿಯಾಗಿ ನಡೆಯದೆ ಅದಕ್ಕೂ ಅಪಾರ ಹಣ ಹೋಯಿತು. ಆದಾಯದಿಂದ ವೆಚ್ಚ ತೂಗಿಸಲಾಗದೆಂದು ೨೦೨೩ರ ಸೆಪ್ಟೆಂಬರ್ ೫ರಂದು ನಗರಸಭೆ ವಿಧ್ಯುಕ್ತವಾಗಿ ಸಾರಿತು. ಅತ್ಯವಶ್ಯವಲ್ಲದ ಹೊಸ ಖರ್ಚೆಲ್ಲ ನಿಂತಿತು. ೨೦೨೪ರ ಮಾರ್ಚಿಯಲ್ಲಿ ಒಪ್ಪಿದ ಆಯವ್ಯಯದಲ್ಲಿ ಎರಡು ವರ್ಷಗಳಲ್ಲಿ ಸುಮಾರು ೩೦ ಕೋಟಿ ಪೌಂಡು ಉಳಿಸುವ ಏರ್ಪಾಡಾಯಿತು. ಮನೆಗಳ ಮೇಲಿನ ತೆರಿಗೆ ನೂರಕ್ಕೆ ಸುಮಾರು ಹತ್ತರಷ್ಟು ಏರಿತು. ವಾದ್ಯವೃಂದ, ನಾಟಕಶಾಲೆ, ನೃತ್ಯಸಂಸ್ಥೆ, ಚಿತ್ರಶಾಲೆ ಮೊದಲಾದ ಊರಿನ ಪ್ರಮುಖ ಕಲಾಸಂಸ್ಥೆಗಳ ಸಹಾಯಧನವನ್ನು ಮೊದಲ ವರ್ಷ ಅರ್ಧಕ್ಕೆ ಇಳಿಸಿ, ಮರುವರ್ಷ ಸೊನ್ನೆ ಮಾಡುವುದೆಂದು ನಿಶ್ಚಯವಾಯಿತು.

ವಾದ್ಯವೃಂದಕ್ಕೆ ಅದುವರೆಗೆ ಸಲ್ಲುತ್ತಿದ್ದುದು ವರ್ಷಕ್ಕೆ ಸುಮಾರು ೬,೩೦,೦೦೦ ಪೌಂಡು. ಇದನ್ನೂ ಆ ೩೦ ಕೋಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಕಲೆಯ ಹಣದಿಂದ ಊರಿನ ಸಾಲ ತೀರುವಂತಿರಲಿಲ್ಲವೆಂಬುದು ಯಾರಿಗಾದರೂ ತಿಳಿಯುತ್ತದೆ. ಹೀಗೆಂದು ನಗರಸಭೆಯ ಸದಸ್ಯರನ್ನು ಕಲೆಯ ವೈರಿಗಳೆಂದು ಜರೆಯುವುದೂ ನ್ಯಾಯವಲ್ಲ. ದುಡಿದ ಹೆಂಗಸರ ಬಾಕಿ ಧರ್ಮವಾದ ಸಾಲ, ಅದನ್ನು ತೀರಿಸಲೇಬೇಕು. ದಿಕ್ಕಿಲ್ಲದ ಮಕ್ಕಳ ಪೋಷಣೆ, ಕೈಲಾಗದ ವೃದ್ಧರ ಆರೈಕೆ ಕಾನೂನು ಕಟ್ಟಿಹಾಕಿದ ಕರ್ತವ್ಯಗಳು. ಅವುಗಳ ಎದುರು "ಮಾಡಬಹುದು" ಎಂಬ ಕೆಲಸ ಸೋತದ್ದು ಆಶ್ಚರ್ಯವಲ್ಲ. ಶೋಚನೀಯವಾದುದು ಬೇರೊಂದು: ನೂರು ವರ್ಷ ಕೊಡುತ್ತ ಬಂದರೂ, ಕಲೆಗೆ ಕೊಡುವುದು ಉಳಿದ ಹಣದಲ್ಲಿಯೋ ಎತ್ತಿಟ್ಟ ಹಣದಲ್ಲಿಯೋ ಎಂಬುದನ್ನು ಆ ಊರು ನಿಶ್ಚಯಿಸಿಕೊಂಡಿರಲಿಲ್ಲ. ದೇಶದ ಕಲಾಪರಿಷತ್ತಿನ ಸಹಾಯ, ಟಿಕೆಟಿನ ಹಣ, ದಾನಿಗಳ ಕಾಣಿಕೆ ಇವು ವಾದ್ಯವೃಂದಕ್ಕೆ ಬೇರೆ ಆಧಾರಗಳು. ಅದರ ಹೆಸರಿನಲ್ಲಿ "ಬರ್ಮಿಂಗ್‌ಹ್ಯಾಂ ನಗರ" ಎಂಬ ಮಾತು ಇದ್ದೇ ಇದೆ. ಆದರೆ ಹೆಸರನ್ನು ಕೊಟ್ಟ ನಗರಸಭೆಯ ಪಾಲು ಹೋಯಿತು.

ನಮ್ಮ ಗೃಹಿಣಿಯರಿಗೆ ಈ ಭೇದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೌರಿಗಣೇಶನ ಹಬ್ಬಕ್ಕೆ ತಿಂಗಳ ಕೊನೆಯಲ್ಲಿ ಮಿಕ್ಕಿದ ಹಣದಿಂದ ಮಾಡೋಣವೆಂದು ಕಾದರೆ ಯಾವ ಮನೆಯಲ್ಲಿಯೂ ಹಬ್ಬವಾಗುವುದಿಲ್ಲ. ತಿಂಗಳ ಕೊನೆಯಲ್ಲಿ ಏನೂ ಮಿಕ್ಕುವುದಿಲ್ಲ. ಜಾಣೆಯಾದವಳು ಆಷಾಢದಿಂದಲೇ ಸಾಸಿವೆಯ ಡಬ್ಬಿಯಲ್ಲಿ ಎರಡೆರಡು ಕಾಸು ಹಾಕಿಡುತ್ತಾಳೆ. ಬಡತನ ಬಂದ ವರ್ಷ ಹೋಳಿಗೆಯ ಸಂಖ್ಯೆ ಇಳಿದೀತು. ಹಬ್ಬ ಮಾತ್ರ ತಪ್ಪದು.

ಊರುಗಳಿಗೂ ಇಂಥ ಡಬ್ಬಿಗಳನ್ನು ಕಟ್ಟಿಕೊಟ್ಟವರಿದ್ದಾರೆ. ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊ ನಗರವು ೧೯೬೧ರಿಂದ, ಹೋಟೆಲುಗಳಲ್ಲಿ ತಂಗುವ ಪ್ರಯಾಣಿಕರ ಮೇಲಿನ ತೆರಿಗೆಯ ಹಣದಲ್ಲಿ ಕಲಾಸಂಸ್ಥೆಗಳಿಗೆ ಸಹಾಯ ಕೊಡುತ್ತ ಬಂದಿದೆ. ಊರಿನ ಸಂಗೀತ ನಾಟಕಗಳನ್ನು ನೋಡುವ ಆಸೆಯಿಂದಲೂ ಪ್ರಯಾಣಿಕರು ಬರುತ್ತಾರಾದ್ದರಿಂದ, ಅವರು ಕೊಟ್ಟುದರಲ್ಲಿ ಒಂದು ಪಾಲು ಅವುಗಳಿಗೆ ಸಲ್ಲುವುದು ನ್ಯಾಯವೆಂಬುದು ಇದರ ತತ್ತ್ವ. ಕಾಲಕ್ರಮದಲ್ಲಿ ಆ ಪಾಲು ಸಡಿಲವಾದಾಗ, ೨೦೧೮ರಲ್ಲಿ ಅದನ್ನು ಮತ್ತೆ ಕಲೆಗೆಂದೇ ಕಟ್ಟಿಡುವ ಪ್ರಶ್ನೆಯನ್ನು ಪ್ರಜೆಗಳ ಮುಂದಿಟ್ಟರು. ಮತ ಕೊಟ್ಟವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಒಪ್ಪಿದರು. ಈ ಡಬ್ಬಿಗೂ ತೂತು ಬೀಳುವುದುಂಟು. ೨೦೨೦ರ ಮಹಾಮಾರಿಯಲ್ಲಿ ಪ್ರಯಾಣಿಕರು ನಿಂತರು, ತೆರಿಗೆ ಒಣಗಿತು, ಕಲೆಯ ಪಾಲೂ ಒಣಗಿತು.

ಅದೇ ದೇಶದ ಡೆನ್ವರ್ ನಗರವೂ ಸುತ್ತಲಿನ ಸೀಮೆಗಳೂ ಕೂಡಿ ಆರು ಕೌಂಟಿಗಳ ಜನ ೧೯೮೮ರಲ್ಲಿ ಮತ ಕೊಟ್ಟು, ಸಾಮಾನು ಕೊಳ್ಳುವಾಗ ಹತ್ತು ಡಾಲರಿಗೆ ಒಂದು ಸೆಂಟಿನಂತೆ ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡರು. ಸಾವಿರಕ್ಕೆ ಒಂದರ ಲೆಕ್ಕವಾಯಿತು. ಚಿತ್ರಶಾಲೆ, ಪ್ರಾಣಿಸಂಗ್ರಹ, ಸಸ್ಯೋದ್ಯಾನ ಮುಂತಾದ ದೊಡ್ಡ ಸಂಸ್ಥೆಗಳಿಗೆ ಒಂದು ಪಾಲು. ಮಧ್ಯಮದವುಗಳಿಗೆ ಒಂದು ಪಾಲು. ಸಣ್ಣ ನಾಟಕಮಂಡಲಿ, ಭಜನಮೇಳದಂಥ ಗಾಯನಸಂಘಗಳಿಗೆ ಬೇರೆಯೇ ಪಾಲು. ಆನೆಯ ಜೊತೆಯಲ್ಲಿ ಇರುವೆಗೂ ತಿಂಡಿ ಸಿಕ್ಕುವಂತೆ ಮೊದಲೇ ಭಾಗ ಮಾಡಿದ್ದು ಇದರ ವಿವೇಕ. ಈ ತೆರಿಗೆಗೆ ಅವಧಿಯುಂಟು. ಅವಧಿ ಮುಗಿಯುವ ಮುನ್ನ ಜನರನ್ನು ಮತ್ತೆ ಕೇಳಬೇಕು. ೧೯೯೪, ೨೦೦೪, ೨೦೧೬ ಈ ಮೂರು ಸಲವೂ ಜನ ಆಗಲೆಂದರು. ತೆರಿಗೆಯೆಂದರೆ ಸಿಡುಕುವ ಗೃಹಸ್ಥನೂ, ಹಣ ಎಲ್ಲಿಗೆ ಹೋಗುತ್ತದೆಂಬುದು ಕಣ್ಣಿಗೆ ಕಂಡರೆ, ಕೊಡಲು ಹಿಂಜರಿಯುವುದಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಊರಿನ ಹಣ ಕಲೆಗೆ ಹೋಗುವಲ್ಲಿ ಅಪಾಯಗಳೂ ಇಲ್ಲದಿಲ್ಲ. ಸದಸ್ಯರ ನೆಂಟರಿಗೆ ಹಾರ, ನಿಷ್ಠುರವಾಡಿದ ನಾಟಕಕಾರನಿಗೆ ಬಾಗಿಲು ಎಂಬಂತಾದರೆ, ಅರಸನ ಓಲಗದ ದೋಷಗಳೆಲ್ಲ ನಗರಸಭೆಗೆ ವಲಸೆ ಬಂದಂತಾಗುತ್ತದೆ. ಇದಕ್ಕೆಂದೇ ಒಂದು ಮರ್ಯಾದೆ ಬೆಳೆದಿದೆ. ಒಟ್ಟು ಎಷ್ಟು ಹಣವೆಂಬುದನ್ನು ಪ್ರಜೆಗಳ ಪ್ರತಿನಿಧಿಗಳು ನಿಶ್ಚಯಿಸಲಿ. ಯಾರಿಗೆ ಎಷ್ಟೆಂಬುದನ್ನು ಆ ವಿದ್ಯೆಯನ್ನು ಬಲ್ಲವರ ಮಂಡಲಿ ಅರ್ಜಿಗಳನ್ನು ನೋಡಿ ಹೇಳಲಿ. ಪಡೆದವರು ವರ್ಷದ ಕೊನೆಯಲ್ಲಿ ಲೆಕ್ಕ ಒಪ್ಪಿಸಲಿ. ಆ ಲೆಕ್ಕ ಊರಿನವರೆಲ್ಲರ ಕಣ್ಣಿಗೆ ಬೀಳಲಿ. ಕೊಡುವವನ ಕೈಗೂ ಹಾಡುವವನ ಕೊರಳಿಗೂ ಒಂದು ಮೊಳದ ಅಂತರವಿದ್ದರೆ ಇಬ್ಬರ ಮಾನವೂ ಉಳಿಯುತ್ತದೆ.

ಇದೆಲ್ಲ ಪರದೇಶದ ಮಾತು, ನಮಗೇಕೆ ಎನ್ನುವಂತಿಲ್ಲ. ನಮ್ಮ ಸಂವಿಧಾನಕ್ಕೆ ೧೯೯೨ರಲ್ಲಿ ಮಾಡಿ ೧೯೯೩ರಲ್ಲಿ ಜಾರಿಗೆ ತಂದ ೭೪ನೆಯ ತಿದ್ದುಪಡಿಯಿಂದ ಹನ್ನೆರಡನೆಯ ಅನುಸೂಚಿ ಸೇರಿತು. ಪೌರಸಂಸ್ಥೆಗಳಿಗೆ ವಹಿಸಬಹುದಾದ ಹದಿನೆಂಟು ಕಾರ್ಯಗಳ ಪಟ್ಟಿ ಅದರಲ್ಲಿದೆ. ರಸ್ತೆ, ನೀರು, ನೈರ್ಮಲ್ಯಗಳ ಸಾಲಿನಲ್ಲಿಯೇ ಹದಿಮೂರನೆಯದಾಗಿ ಸಾಂಸ್ಕೃತಿಕ, ಶೈಕ್ಷಣಿಕ ಮತ್ತು ಸೌಂದರ್ಯ ಸಂಬಂಧವಾದ ವಿಷಯಗಳ ಪ್ರೋತ್ಸಾಹವೂ ಕುಳಿತಿದೆ. ಚರಂಡಿಯೊ ಪಿಟೀಲೊ ಎಂಬ ಜಗಳವನ್ನು ಆ ಪಟ್ಟಿ ಬರೆದವರು ಮನ್ನಿಸಲಿಲ್ಲ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದರು. ಆದರೆ ಅಲ್ಲಿಯೂ ಮಾತು "ವಹಿಸಬಹುದು" ಎಂದೇ. ಹಾಳೆಯಲ್ಲಿರುವ ಸಾಲು ಆಯವ್ಯಯದ ಪುಸ್ತಕಕ್ಕೆ ಬರಬೇಕಾದರೆ ಕೇಳುವವರು ಬೇಕು.

ಆದುದರಿಂದ, ಊರಿನ ಆಯವ್ಯಯ ಪ್ರಕಟವಾದಾಗ ನಮ್ಮ ಮನೆಯ ತೆರಿಗೆ ಎಷ್ಟು ಏರಿತೆಂಬುದೊಂದನ್ನೇ ನೋಡಿ ಪತ್ರಿಕೆಯನ್ನು ಮಡಿಸಿಡಬಾರದು. ಊರಿನ ರಂಗಮಂದಿರಕ್ಕೆ, ಗಾನಸಭೆಗೆ, ಹುಡುಗರಿಗೆ ಚಿತ್ರ ಕಲಿಸುವ ಬಡ ಉಪಾಧ್ಯಾಯನಿಗೆ ಅದರಲ್ಲಿ ಏನಾದರೂ ಎತ್ತಿಟ್ಟಿದೆಯೆ, ಎತ್ತಿಟ್ಟುದು ನಿಜವಾಗಿ ಅವರ ಕೈ ಸೇರಿತೆ ಎಂದು ವಾರ್ಡಿನ ಸದಸ್ಯರನ್ನು ವಿನಯದಿಂದ ಕೇಳತಕ್ಕದ್ದು. ಮೊತ್ತ ದೊಡ್ಡದಾಗಿರಬೇಕಾಗಿಲ್ಲ. ಬರ್ಮಿಂಗ್‌ಹ್ಯಾಂ ಮೊದಲು ಮಾಡಿದ್ದು ತಲೆಗೆ ಪೆನ್ನಿಯ ಮೂರನೆಯ ಪಾಲಿನಿಂದ. ಸ್ವಲ್ಪವಾದರೂ ಸರಿಯೆ, ಅದು ಮೊದಲೇ ಎತ್ತಿಟ್ಟದ್ದಾಗಿರಲಿ, ವರ್ಷವರ್ಷವೂ ತಪ್ಪದೆ ಸಲ್ಲುತ್ತಿರಲಿ. ಹಬ್ಬದ ಕಾಸನ್ನು ಆಷಾಢದಲ್ಲಿಯೇ ಎತ್ತಿಡುವ ಮನೆಯವರಿಗೆ ಇದು ಹೊಸ ಪಾಠವೇನೂ ಅಲ್ಲ.